ತೋಟದ ವೆಬ್‌ಸೈಟಿಗೆ ಹೆಸರು: ಖಾತೆ ಯಾರ ಹೆಸರಲ್ಲಿದೆ ನೋಡ್ಕೊಳ್ಳಿ



ಬೆಳೆದದ್ದನ್ನು ನೇರವಾಗಿ ಗ್ರಾಹಕರಿಗೆ ಮಾರಲು ಈಗ ಬಹಳ ರೈತರು ಸ್ವಂತ ವೆಬ್‌ಸೈಟ್ ಮಾಡಿಸ್ತಿದ್ದಾರೆ. ಅದಕ್ಕೆ ಮೊದಲು ಬೇಕಾದದ್ದು ಡೊಮೇನ್ ಹೆಸರು, ಅಂದ್ರೆ ಅಂತರ್ಜಾಲದಲ್ಲಿ ನಿಮ್ಮ ತೋಟದ ವಿಳಾಸ. ತೋಟಗಾರಿಕೆ ಪದವಿ ಓದುವಾಗ ಇದನ್ನು ಯಾರೂ ಹೇಳಿಕೊಡಲಿಲ್ಲ. ನಾನು ಕಲಿತದ್ದು ಒಂದು ಹೆಸರು ಕಳ್ಕೊಂಡ ಮೇಲೆ.

1. ಒಂದೇ ಬೆಳೆಗೆ ಕಟ್ಟಿಹಾಕಬೇಡಿ
ಆಗ ಬಾಳೆ ಬೆಳೀತಿದ್ದೆ, ಹೆಸರಿನಲ್ಲೂ ‘ಬಾಳೆತೋಟ’ ಅಂತ ಸೇರಿಸಿದೆ. ಮೂರನೇ ವರ್ಷಕ್ಕೆ ಅರಿಶಿನ ಪುಡಿಯೇ ಮುಖ್ಯ ಮಾರಾಟ ಆಯ್ತು. ‘ಅರಿಶಿನ ನಿಮ್ದೇನಾ, ಬೇರೆ ಕಡೆಯಿಂದ ತಂದಿದ್ದಾ?’ ಅಂತ ಗ್ರಾಹಕರು ಕೇಳೋರು. ಬೆಳೆ ಬದಲಾಗುತ್ತೆ, ಹೆಸರು ಬದಲಾಯಿಸೋದು ಕಷ್ಟ.

2. ಫೋನಿನಲ್ಲಿ ಹೇಳಿ ನೋಡಿ
ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಎಡವೋದು ಹೆಚ್ಚು. ‘ತೋಟ’ವನ್ನು ಒಬ್ಬರು ‘ಟಿ’ಯಿಂದ, ಇನ್ನೊಬ್ಬರು ‘ಟಿಎಚ್’ನಿಂದ ಶುರು ಮಾಡ್ತಾರೆ. ‘ಬಾಳೆ’ಗೆ ಕೆಲವರು ಒಂದು ‘ಎ’ ಹಾಕಿದ್ರೆ ಕೆಲವರು ಎರಡು ಹಾಕ್ತಾರೆ. ಹೆಸರನ್ನು ಫೋನಿನಲ್ಲಿ ಹೇಳಿ, ಐದಾರು ಜನರ ಕೈಲಿ ಬರೆಸಿ. ಎಲ್ಲರೂ ಒಂದೇ ರೀತಿ ಬರೆದರೆ ಆ ಹೆಸರು ಗಟ್ಟಿ. ಅಡ್ಡಗೆರೆ, ಅಂಕಿ ಇಲ್ಲದ ಚಿಕ್ಕ ಹೆಸರೇ ಒಳ್ಳೇದು.

3. ಕೊನೆಯ ಭಾಗ
ನಮ್ಮ ದೇಶದೊಳಗೆ ಮಾರುವವರಿಗೆ ‘ಡಾಟ್ ಇನ್’ ಸಾಕು. ‘ಡಾಟ್ ಕಾಮ್’ ಜನರ ನಾಲಿಗೆ ಮೇಲಿದೆ, ಸಿಕ್ಕರೆ ಅದನ್ನೂ ತಗೊಳ್ಳಿ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂಬ ಕೊನೆಯೂ ಇದೆ.

4. ಊರಿನ ಹೆಸರಿನ ಜಾಗ್ರತೆ
ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿ, ಕೊಡಗಿನ ಕಿತ್ತಳೆ ಇವಕ್ಕೆಲ್ಲ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬೇರೆ ಕಡೆ ಬೆಳೆದದ್ದನ್ನು ಆ ಹೆಸರಿಟ್ಟು ಮಾರಿದರೆ ಕಾನೂನಿನ ತೊಂದರೆ ಬರುತ್ತೆ.

5. ಎಲ್ಲಕ್ಕಿಂತ ಮುಖ್ಯ: ಖಾತೆ
ಹೊಲ ಕೊಳ್ಳುವಾಗ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡ್ತೀವಿ. ಇಲ್ಲಿ ನಾನು ನೋಡಲಿಲ್ಲ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತನ್ನ ಖಾತೆಯಲ್ಲಿ, ತನ್ನ ಇಮೇಲ್‌ನಲ್ಲೇ ಹೆಸರು ನೋಂದಾಯಿಸಿದ್ದ. ಡೊಮೇನ್ ಅನ್ನೋದು ಕ್ರಯವಲ್ಲ, ಗುತ್ತಿಗೆ ಇದ್ದಂಗೆ. ಅವಧಿ ಮುಗಿಯೋ ಮುಂಚೆ ನವೀಕರಿಸಬೇಕು. ನವೀಕರಣದ ನೋಟಿಸು ಅವನಿಗೆ ಹೋಯ್ತು, ಅವನು ಬೇರೆ ಕೆಲಸಕ್ಕೆ ಸೇರಿ ನಂಬರ್ ಬದಲಾಯಿಸಿದ್ದ. ನನಗೆ ಗೊತ್ತಾಗೋ ಹೊತ್ತಿಗೆ ಆ ಹೆಸರು ಬೇರೆಯವರ ಪಾಲಾಗಿತ್ತು. ಅಚ್ಚು ಹಾಕಿಸಿದ್ದ ಸಾವಿರ ಅರಿಶಿನ ಪೊಟ್ಟಣಗಳ ಮೇಲೆ ಅಮ್ಮನೂ ನಾನೂ ರಾತ್ರಿ ಕೂತು ಹೊಸ ವಿಳಾಸದ ಚೀಟಿ ಅಂಟಿಸಿದೆವು. ಹಳೇ ಪೊಟ್ಟಣ ನೋಡಿ ಹುಡುಕಿದ ಗ್ರಾಹಕರು ಎಷ್ಟು ಜನ ವಾಪಸ್ ಹೋದರೋ ಲೆಕ್ಕವಿಲ್ಲ.

ಆದ್ದರಿಂದ ಯಾರು ಮಾಡಿಕೊಟ್ಟರೂ ಖಾತೆ, ಇಮೇಲ್, ಮೊಬೈಲ್ ನಂಬರ್ ನಿಮ್ಮದೇ ಇರಲಿ. ಪಾಸ್‌ವರ್ಡ್ ನಿಮ್ಮ ಕೈಲಿರಲಿ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗಬೇಡಿ, ಎರಡನೇ ವರ್ಷದ ದರ ಕೇಳಿ. ಸಾಧ್ಯವಾದರೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಮುಗಿಯೋ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ.

ಈಗಾಗಲೇ ವೆಬ್‌ಸೈಟ್ ಇರೋರು ಇವತ್ತೇ ಒಂದು ಕೆಲಸ ಮಾಡಿ: ಮಾಡಿಕೊಟ್ಟವರಿಗೆ ಫೋನ್ ಹಚ್ಚಿ, ‘ಡೊಮೇನ್ ಯಾರ ಖಾತೆಯಲ್ಲಿದೆ?’ ಅಂತ ಕೇಳಿ. ಅವರದ್ದಾಗಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ನಿಮ್ಮ ಖಾತೆಗೆ ವರ್ಗಾಯಿಸ್ಕೊಳ್ಳಿ.