ಕಾರಿಲ್ಲದೆ ಇಂಗ್ಲೆಂಡಿನ ಹಳ್ಳಿಯಲ್ಲಿ: ಆರು ತಿಂಗಳ ಪಾಠಗಳು



ಲಂಡನ್, ಬರ್ಮಿಂಗ್‌ಹ್ಯಾಂಗಳಲ್ಲಿ ಇರುವವರಿಗೆ ಈ ಲೇಖನ ತಮಾಷೆಯಾಗಿ ಕಾಣಬಹುದು. ಆದರೆ ನಮ್ಮ ಹಾಗೆ ಬಾಡಿಗೆ ಕಡಿಮೆ, ಗಾಳಿ ಚೆನ್ನಾಗಿದೆ ಎಂದು ಹಳ್ಳಿ ಸೇರಿದವರಿಗೆ ಒಂದಲ್ಲ ಒಂದು ದಿನ ಉಪಯೋಗಕ್ಕೆ ಬಂದೀತು.

ನಾವಿರುವುದು ಲಿಂಕನ್‌ಷೈರಿನ ಒಂದು ಪುಟ್ಟ ಪ್ಯಾರಿಷ್‌ನಲ್ಲಿ. ಪ್ಯಾರಿಷ್ ಎಂದರೆ ಚರ್ಚಿಗೆ ಸೇರಿದ್ದು ಎಂದಷ್ಟೇ ನಾನು ತಿಳಿದಿದ್ದೆ. 1894ರ ಕಾಯ್ದೆಯಿಂದ ಇವುಗಳಿಗೆ ಚುನಾಯಿತ ಕೌನ್ಸಿಲ್ ಬಂತು. ಹೆಚ್ಚು ಕಡಿಮೆ ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನನಗೆ ಜೀವನದಲ್ಲಿ ಮೊದಲ ಸಲ ಫಿಟ್ಸ್ ಬಂತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ಆರು ತಿಂಗಳು ಕಾರು ಓಡಿಸುವಂತಿಲ್ಲ, ಡಿವಿಎಲ್‌ಎಗೂ ತಿಳಿಸಬೇಕು ಎಂದರು. ನನ್ನ ಹೆಂಡತಿಯ ಬಳಿ ಇದ್ದದ್ದು ಇಂಡಿಯಾದ ಲೈಸೆನ್ಸ್. ಇಲ್ಲಿ ನೆಲೆಸಿ 12 ತಿಂಗಳಾದ ಮೇಲೆ ಅದು ನಡೆಯುವುದಿಲ್ಲ. ಅಂಗಡಿ, ಆಸ್ಪತ್ರೆ, ರೈಲು ಎಲ್ಲವೂ ಐದು ಮೈಲಿ ದೂರದ ಪೇಟೆಯಲ್ಲಿ. ಮನೆ ಮುಂದೆ ಕಾರು ನಿಂತಿತ್ತು, ಓಡಿಸುವವರಿರಲಿಲ್ಲ.

ನವೆಂಬರಿನ ಒಂದು ಸಂಜೆ ಆಫೀಸಿನಿಂದ ಬರುವಾಗ ರೈಲು ಹತ್ತು ನಿಮಿಷ ತಡವಾಯಿತು. ಕೊನೆಯ ಬಸ್ಸು ಹೊರಟುಹೋಗಿತ್ತು. ಫೋನಿನ ಬ್ಯಾಟರಿಯೂ ಮುಗಿದಿತ್ತು. ಐದು ಮೈಲಿ ತಾನೆ ಎಂದು ಕಪ್ಪು ಕೋಟು ಹಾಕಿಕೊಂಡು ನಡೆಯತೊಡಗಿದೆ. ಬೀದಿದೀಪವಿಲ್ಲ, ಫುಟ್‌ಪಾತ್ ಇಲ್ಲ, ಪಕ್ಕದಲ್ಲೇ ಗಂಟೆಗೆ 60 ಮೈಲಿ ವೇಗದಲ್ಲಿ ಕಾರುಗಳು. ಎರಡು ಮೈಲಿಯಾದ ಮೇಲೆ ನಮ್ಮ ಬೀದಿಯ ಹಿರಿಯರೊಬ್ಬರು ಗುರುತು ಹಿಡಿದು ಕಾರು ನಿಲ್ಲಿಸಿದರು. ಮನೆಯಲ್ಲಿ ಹೆಂಡತಿ, "ಎಲ್ಲಾದರೂ ಬಿದ್ದಿದ್ದೀರೇನೋ ಅಂದುಕೊಂಡೆನಲ್ಲರೀ" ಎಂದು ಅತ್ತುಬಿಟ್ಟಳು. ಮಗಳು ಊಟ ಮಾಡದೆ ಕಿಟಕಿಯ ಹತ್ತಿರ ಕೂತಿದ್ದಳು. ಅಂದಿನಿಂದ ಕಲಿತ ಪಾಠಗಳು ಇವು.

1. ಮೊದಲು ಮರಳುವ ಬಸ್ಸು ನೋಡಿ. ಹೋಗುವುದು ಸುಲಭ, ಬರುವುದು ಕಷ್ಟ. ಕೊನೆಯ ಬಸ್ಸಿನ ಹಿಂದಿನ ಬಸ್ಸನ್ನೇ ನಿಮ್ಮ ಕೊನೆಯ ಬಸ್ಸು ಎಂದುಕೊಳ್ಳಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇದು ಬ್ಯಾಕಪ್. ಭಾನುವಾರ ಬಸ್ಸೇ ಇಲ್ಲದ ಊರುಗಳು ಬಹಳ. ವೇಳಾಪಟ್ಟಿಯಲ್ಲಿ ಶಾಲೆಯಿರುವ ದಿನಗಳಲ್ಲಿ ಮಾತ್ರ ಎಂಬ ಸಣ್ಣ ಅಕ್ಷರದ ಸೂಚನೆಯನ್ನೂ ಓದಿ.

2. ಬಸ್ಸಿಗೆ ಕೈ ತೋರಿಸಿ. ನಮ್ಮ ಕೆಂಪು ಬಸ್ಸಿಗೆ ಕೈ ಅಡ್ಡ ಹಿಡಿದು ಅಭ್ಯಾಸವಿದೆಯಲ್ಲ, ಇಲ್ಲೂ ಅದೇ. ಸ್ಟಾಪಿನಲ್ಲಿ ಸುಮ್ಮನೆ ನಿಂತರೆ ಬಸ್ಸು ಮುಂದೆ ಹೋಗಿಬಿಡಬಹುದು. 2025ರ ಜನವರಿಯಲ್ಲಿ ಇಂಗ್ಲೆಂಡಿನ ಬಹುತೇಕ ಬಸ್ಸುಗಳಲ್ಲಿ ಒಂದು ಕಡೆಯ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್ ಎಂಬ ಮಿತಿ ಜಾರಿಗೆ ಬಂತು.

3. ಕರೆದರೆ ಬರುವ ಬಸ್ಸು ಇದೆಯೇ ವಿಚಾರಿಸಿ. ನಮ್ಮ ಕೌಂಟಿಯಲ್ಲಿ ಅದರ ಹೆಸರು ಕಾಲ್‌ಕನೆಕ್ಟ್. ಮುಂಚಿತವಾಗಿ ಬುಕ್ ಮಾಡಿದವರಿಗಾಗಿ ಓಡುವ ಮಿನಿಬಸ್ಸು ಅದು. ಹಲವು ಕಡೆ ಸ್ವಯಂಸೇವಕರು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುತ್ತಾರೆ; ಮೈಲಿ ಲೆಕ್ಕದಲ್ಲಿ ಖರ್ಚು ಕೊಟ್ಟರಾಯಿತು. ಪ್ಯಾರಿಷ್ ಕೌನ್ಸಿಲಿನ ಗುಮಾಸ್ತರನ್ನು ಕೇಳಿ, ಅಗತ್ಯ ಬೀಳುವ ಮೊದಲೇ ಹೆಸರು ಬರೆಸಿ.

4. ಹೊಲದ ದಾರಿ ಕಲಿಯಿರಿ. 1949ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಲಾಗಿದೆ. ಅವು ಖಾಸಗಿ ಹೊಲದ ಮಧ್ಯೆ ಹೋದರೂ ನಡೆಯುವ ಹಕ್ಕು ನಮಗಿದೆ. ಹಳದಿ ಬಾಣ ಕಂಡರೆ ನಡೆಯಲು ಮಾತ್ರ, ನೀಲಿ ಬಾಣವಾದರೆ ಕುದುರೆಗೂ ಸೈಕಲ್ಲಿಗೂ ಸೈ. ಆರ್ಡ್ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಇವು ಹಸಿರು ತುಂಡುಗೆರೆಗಳು. ಪಕ್ಕದ ಹಳ್ಳಿಗೆ ನಮಗೆ ರಸ್ತೆಯಲ್ಲಿ ಮೂರು ಮೈಲಿ, ಹೊಲದ ದಾರಿಯಲ್ಲಿ ಎರಡೇ. ಚಳಿಗಾಲದಲ್ಲಿ ಕೆಸರು ಹೆಚ್ಚು, ರಬ್ಬರ್ ಬೂಟು ಬೇಕು.

5. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಕಡಿದಾದ ಬಲ ತಿರುವು ಬಂದಾಗ ಮಾತ್ರ ಮೊದಲೇ ಎಡಕ್ಕೆ ದಾಟಿ. ಕತ್ತಲಲ್ಲಿ ಟಾರ್ಚು, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ಟು ಇರಲಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು.

6. ಶಾಲೆಯ ವಾಹನ ಕೇಳಲು ನಾಚಬೇಡಿ. ಇಂಗ್ಲೆಂಡಿನಲ್ಲಿ ಎಂಟು ತುಂಬದ ಮಗುವಿಗೆ, ಹತ್ತಿರದ ಸೂಕ್ತ ಶಾಲೆಯೂ 2 ಮೈಲಿಗಿಂತ ದೂರವಿದ್ದರೆ ಕೌನ್ಸಿಲ್ ಉಚಿತ ಪ್ರಯಾಣ ಕೊಡಬೇಕು. ಎಂಟು ತುಂಬಿದ ಮೇಲೆ ಸಾಮಾನ್ಯವಾಗಿ 3 ಮೈಲಿ. ಸುರಕ್ಷಿತವಾಗಿ ನಡೆಯುವ ದಾರಿಯೇ ಇಲ್ಲದಿದ್ದರೆ ಅದಕ್ಕಿಂತ ಹತ್ತಿರವಿದ್ದರೂ ಅರ್ಜಿ ಹಾಕಬಹುದು.

ಕೊನೆಯ ಪಾಠ ಅಂದು ಕಾರು ನಿಲ್ಲಿಸಿದ ಹಿರಿಯರದು. "ನನಗೊಂದು ಫೋನ್ ಮಾಡಬಾರದಿತ್ತೇ?" ಎಂದು ಅವರು ಗದರಿದರು. ಎರಡು ವರ್ಷದಿಂದ ಅದೇ ಬೀದಿಯಲ್ಲಿದ್ದೂ ಅವರ ನಂಬರ್ ನನ್ನ ಬಳಿ ಇರಲಿಲ್ಲ. ಯಾರಿಗೂ ತೊಂದರೆ ಕೊಡಬಾರದು ಎಂಬ ನಮ್ಮ ಸಂಕೋಚವೇ ಆ ರಾತ್ರಿ ನನ್ನ ಹೆಂಡತಿಯನ್ನು ಅಳಿಸಿತು. ಈಗ ಮೂರು ಮನೆಯ ನಂಬರ್‌ಗಳು ನಮ್ಮ ಫ್ರಿಜ್ಜಿನ ಮೇಲಿವೆ. ಅವರ ಮನೆಗಳಿಗೆ ನಮ್ಮ ಚಕ್ಕುಲಿ ಹೋಗುತ್ತದೆ.

ಮಾರ್ಚಿನಲ್ಲಿ ನಾನು ಮತ್ತೆ ಕಾರು ಹತ್ತಿದೆ. ಹೆಂಡತಿ ಥಿಯರಿ ಪರೀಕ್ಷೆ ಪಾಸು ಮಾಡಿ ಡ್ರೈವಿಂಗ್ ಕಲಿಯುತ್ತಿದ್ದಾಳೆ. ನಿಮ್ಮಲ್ಲಿ ನನ್ನದೊಂದು ವಿನಂತಿ: ಕಾರು ಚೆನ್ನಾಗಿರುವಾಗಲೇ ಒಂದು ಶನಿವಾರ ಅದನ್ನು ಮನೆಯಲ್ಲಿ ಬಿಟ್ಟು, ಮಕ್ಕಳೊಂದಿಗೆ ಬಸ್ಸಿನಲ್ಲಿ ಪೇಟೆಗೆ ಹೋಗಿ ಬನ್ನಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೆಂದು ಅಂದೇ ಗೊತ್ತಾಗುತ್ತದೆ.