ದೂರದರ್ಶನದ ನಾಟಕಗಳಿಂದ ಇಂಗ್ಲಿಷ್ ಶಬ್ದಾಭ್ಯಾಸ

ಶಬ್ದಕೋಶವನ್ನು ಒಮ್ಮೆಯೂ ತೆರೆಯದವರು ಕಠಿಣ ಶಬ್ದಗಳನ್ನು ಕಲಿತ ಸೀಮೆ ನಮ್ಮದು. ಭಟ್ಕಳ, ಹೊನ್ನಾವರ, ಕುಮಟಾಗಳ ಹಳ್ಳಿಗಳಲ್ಲಿ ಅಕ್ಷರ ಬಾರದ ಮುದುಕಿಯರೂ 'ಪ್ರತಿಜ್ಞೆ', 'ಉಪೇಕ್ಷೆ', 'ಶರಣಾಗತಿ' ಮೊದಲಾದ ಮಾತುಗಳನ್ನು ಅರ್ಥವರಿತು ಆಡುತ್ತಿದ್ದರು. ಯಕ್ಷಗಾನದ ರಂಗಸ್ಥಳವೇ ಅವರ ಪಾಠಶಾಲೆಯಾಗಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ಮೇಳಗಳ ಆಟದಲ್ಲಿ ಭೀಷ್ಮನ ಪ್ರತಿಜ್ಞೆಯನ್ನೂ, ಅದರಿಂದ ಅಂಬೆಗೆ ಒದಗಿದ ದುರ್ಗತಿಯನ್ನೂ ಕಣ್ಣಾರೆ ಕಂಡವರಿಗೆ ಆ ಶಬ್ದದ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂಗ್ಲಿಷ್ ಶಬ್ದಗಳನ್ನೂ ಇದೇ ದಾರಿಯಿಂದ ಕಲಿಸಬಹುದೆಂಬುದು ನಮ್ಮ ಅಭಿಪ್ರಾಯ. ಇಲ್ಲಿ ರಂಗಸ್ಥಳವೆಂದರೆ ದೂರದರ್ಶನ.

ಇದು ಕೇವಲ ವಿನೋದದ ವಿಷಯವಲ್ಲ. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಚೆನ್ನಾಗಿ ಓದಿದ ಹುಡುಗಿಯು ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡೊಡನೆ ಪುಸ್ತಕವೂ ಉಪನ್ಯಾಸವೂ ಇಂಗ್ಲಿಷಿಗೆ ತಿರುಗುತ್ತವೆ. ಅವಳ ಬುದ್ಧಿಯು ಕುಂದಿರುವುದಿಲ್ಲ; ಮಾತು ಮಾತ್ರ ಅಡಗುತ್ತದೆ. ಆ ಮೌನವನ್ನು ದಡ್ಡತನವೆಂದು ಬಗೆದು ಓದನ್ನು ಬಿಡಿಸಿದ ಮನೆಗಳೂ ಉಂಟು. ಅವಳಿಗೆ ಶಬ್ದಗಳೇ ಬಾರವೆಂದಲ್ಲ. ನೂರಾರು ಶಬ್ದಗಳನ್ನು ಅರ್ಥಸಹಿತ ಬಾಯಿಪಾಠ ಮಾಡಿರುತ್ತಾಳೆ. ಯಾವುದನ್ನು ಯಾರೊಡನೆ ಯಾವಾಗ ಆಡತಕ್ಕದ್ದೆಂಬುದು ತಿಳಿಯದು.

'ಮಿಸ್' ಎಂಬ ಒಂದು ಚಿಕ್ಕ ಶಬ್ದವನ್ನೇ ನೋಡೋಣ. ನಮ್ಮ ಹುಡುಗಿಯರಿಗೆ 'ಮಿಸ್' ಎಂದರೆ ಉಪಾಧ್ಯಾಯಿನಿ. ಕುಮಟಾದ ಬಸ್ಸು ತಪ್ಪಿದರೂ 'ಮಿಸ್'. ಇನ್ನು ಕೊಲ್ಲಿಯ ದೇಶದಲ್ಲಿ ದುಡಿಯುವ ತಂದೆಯು ಭಟ್ಕಳದ ಮಗಳಿಗೆ ಫೋನಿನಲ್ಲಿ 'ಐ ಮಿಸ್ ಯೂ' ಎನ್ನುವಾಗ, ಅವಳು ಬಳಿಯಿಲ್ಲದ ಕೊರಗನ್ನು ಹೇಳುತ್ತಾನೆ. ಇದಕ್ಕೆ ಸರಿಸಮವಾದ ಒಂದೇ ಕ್ರಿಯಾಪದ ಕನ್ನಡದಲ್ಲಿಲ್ಲ. ಪಟ್ಟಿಯು ಇವನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿದ 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿಯಲ್ಲಿ 'ದಿ ಮಿಸ್ಸಿಂಗ್ ಮೇಲ್' ಎಂಬ ಕಥೆಯಿದೆ. ಟಪಾಲಿನ ತಾನಪ್ಪನು ಒಂದು ಮನೆಯ ಮದುವೆಯು ನಿಲ್ಲಬಾರದೆಂದು, ಆ ಮನೆಗೆ ಬಂದ ಮರಣವಾರ್ತೆಯನ್ನು ತನ್ನಲ್ಲಿಯೇ ಇಟ್ಟುಕೊಂಡು ಮದುವೆಯಾದ ಮೇಲೆ ತಂದೊಪ್ಪಿಸುತ್ತಾನೆ. ಹಾಗಾದರೆ ಟಪಾಲು ಕಳೆದುಹೋಗಿತ್ತೆ, ಅಡಗಿತ್ತೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದರೆ ಸಾಕು. ಉತ್ತರ ಹುಡುಕುತ್ತ ಹುಡುಗಿಯರು 'ಮಿಸ್ಸಿಂಗ್', 'ಲಾಸ್ಟ್', 'ಹಿಡನ್' ಎಂಬ ಮೂರರ ಅಂತರವನ್ನು ತಾವೇ ತೂಗಿ ನೋಡುತ್ತಾರೆ.

ಈ ಧಾರಾವಾಹಿಯನ್ನು ಹೆಸರಿಸಲು ಮತ್ತೊಂದು ಕಾರಣವೂ ಉಂಟು. 1980ರ ದಶಕದ ಉತ್ತರಾರ್ಧದಲ್ಲಿ ಇದನ್ನು ನಿರ್ದೇಶಿಸಿದ ಶಂಕರನಾಗರು ಹೊನ್ನಾವರ ಸೀಮೆಯಲ್ಲಿ 1954ರಲ್ಲಿ ಹುಟ್ಟಿದವರು. ಬಹುಭಾಗದ ಚಿತ್ರೀಕರಣವು ಘಟ್ಟದ ಮೇಲಣ ಆಗುಂಬೆಯಲ್ಲಿ ನಡೆಯಿತು; ಮೊದಲ ಕಂತುಗಳು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ತಯಾರಾದವು. ಹಂಚಿನ ಮನೆ, ಜಗಲಿ, ಮಳೆ ಎಲ್ಲವೂ ಪರಿಚಿತವಾಗಿರುವಾಗ ಅಪರಿಚಿತವಾಗಿ ಉಳಿಯುವುದು ಭಾಷೆಯೊಂದೇ. ಲಂಡನ್ನಿನ ನಾಟಕದಲ್ಲಿ ಮನೆಯೂ ಊಟವೂ ಹೊಸವಾಗಿ, ಶಬ್ದಕ್ಕೆ ಗಮನವೇ ಉಳಿಯುವುದಿಲ್ಲ.

ಇದೇ ಧಾರಾವಾಹಿಯಲ್ಲಿ ಬಂದ 'ಎ ಹಾರ್ಸ್ ಅಂಡ್ ಟೂ ಗೋಟ್ಸ್' ಕಥೆಯಲ್ಲಿ 'ಯೆಸ್', 'ನೋ' ಎಂಬೆರಡನ್ನುಳಿದು ಇಂಗ್ಲಿಷರಿಯದ ಮುನಿಯೂ ತಮಿಳರಿಯದ ಅಮೆರಿಕದವನೂ ವ್ಯಾಪಾರಕ್ಕಿಳಿಯುತ್ತಾರೆ. ಅವನು ಕೊಂಡದ್ದು ಕುದುರೆಯ ವಿಗ್ರಹ. ಇವನು ಮಾರಿದ್ದು ಆಡುಗಳು! ನಕ್ಕು ಮುಗಿದ ಮೇಲೆ, ಮುನಿಗೆ ಇನ್ನು ಯಾವ ನಾಲ್ಕು ಶಬ್ದಗಳು ಬಂದಿದ್ದರೆ ಸಾಕಾಗುತ್ತಿತ್ತೆಂದು ಮಕ್ಕಳನ್ನು ಕೇಳಬೇಕು.

ಅಭ್ಯಾಸದ ಕ್ರಮವು ಸುಲಭವಾಗಿದೆ. ಮೂರು ನಾಲ್ಕು ನಿಮಿಷಗಳ ಒಂದೇ ದೃಶ್ಯವನ್ನು ಆರಿಸಿ, ಮೊದಲು ಧ್ವನಿಯಿಲ್ಲದೆ ತೋರಿಸಿ, ಯಾರಿಗೆ ಯಾರ ಮೇಲೆ ಸಿಟ್ಟೆಂದು ಊಹಿಸಲು ಬಿಡಬೇಕು. ಆಮೇಲೆ ಧ್ವನಿಯೊಡನೆ ನೋಡಿ ಐದಾರು ಶಬ್ದಗಳನ್ನು ಮಾತ್ರ ಬರೆದುಕೊಂಡು, ಮರುದಿನ ತಮ್ಮ ಮನೆಯ ಸಂಗತಿಯನ್ನು ಹೇಳುವ ವಾಕ್ಯಗಳಲ್ಲಿ ಅವನ್ನು ಬಳಸಬೇಕು. ಪರದೆಯ ಕೆಳಗೆ ಸಾಲುಗಳು ಬರುವುದಾದರೆ ಅವು ಇಂಗ್ಲಿಷಿನಲ್ಲಿಯೇ ಇರಲಿ. ಕನ್ನಡದ ಸಾಲುಗಳಿದ್ದರೆ ಕಣ್ಣು ಅತ್ತಲೇ ಓಡಿ ಕಿವಿಯು ನಿದ್ರಿಸುತ್ತದೆ. ಕಿವಿಯಿಂದಲೇ ಕಲಿಯತಕ್ಕದ್ದೂ ಬಹಳವಿದೆ. ಹಾಜರಿ ಕರೆದಾಗ ಹೇಳುವ 'ಪ್ರೆಸೆಂಟ್' ಎಂಬುದರಲ್ಲಿ ಒತ್ತು ಮೊದಲಲ್ಲಿ ಬೀಳುತ್ತದೆ. ಒಪ್ಪಿಸುವುದು ಎಂಬ ಅರ್ಥದ ಕ್ರಿಯಾಪದದಲ್ಲಿ ಕೊನೆಯಲ್ಲಿ. ಬರೆವಣಿಗೆಯಲ್ಲಿ ಎರಡೂ ಒಂದೇ.

ನಾಟಕಗಳಲ್ಲಿ ದೊರೆಯುವುದು ಆಡುಮಾತು. ರಸಾಯನಶಾಸ್ತ್ರದ ಪರಿಭಾಷೆಯನ್ನು ಪಠ್ಯಪುಸ್ತಕದಿಂದಲೇ ಕಲಿಯಬೇಕು. ದಿನವೂ ಎರಡು ತಾಸು ಅರೆನಿದ್ರೆಯಲ್ಲಿ ನೋಡುವುದನ್ನು ಅಭ್ಯಾಸವೆಂದು ಕರೆಯಲು ನಾವು ಒಪ್ಪುವುದಿಲ್ಲ. ಆದರೆ ವಾರಕ್ಕೆರಡು ಸಲ ಹದಿನೈದು ನಿಮಿಷ ಮಗಳ ಪಕ್ಕದಲ್ಲಿ ಕುಳಿತುಕೊಳ್ಳಲು ತಾಯಿಗೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ. ಮನೆಯ ಭಾಷೆ ಕನ್ನಡವಾಗಿರಲಿ, ಕೊಂಕಣಿಯಾಗಿರಲಿ, ನವಾಯತಿಯಾಗಿರಲಿ, "ಅವ ಈಗ ಎಂತ ಹೇಳಿದ? ಅವಳ ಮುಖ ಯಾಕೆ ಸಣ್ಣಾಯಿತು?" ಎಂದು ಕೇಳಿದರಾಯಿತು. ಉತ್ತರ ಕೊಡಲೋಸುಗ ಮಗಳು ಅದೇ ದೃಶ್ಯವನ್ನು ಮತ್ತೊಮ್ಮೆ ಹಾಕಿ ನೋಡುತ್ತಾಳೆ.