ಈಸಿ ಅಂದ್ರೆ ಎಷ್ಟು ಈಸಿ?

ಡಿಸೆಂಬರ್ ರಜೆ ಹತ್ತಿರ ಬಂತು ಅಂದ್ರೆ ಕ್ಲಾಸ್ ಗ್ರೂಪುಗಳಲ್ಲಿ ಟ್ರೆಕ್ ಪೋಸ್ಟರ್‌ಗಳ ಸುರಿಮಳೆ. ಪ್ರತಿ ಪೋಸ್ಟರಿನ ಮೂಲೆಯಲ್ಲೂ ಒಂದು ಪದ ಇರುತ್ತೆ: ಈಸಿ, ಮಾಡರೇಟ್ ಅಥವಾ ಡಿಫಿಕಲ್ಟ್. ನಾವು ದುಡ್ಡೆಷ್ಟು ನೋಡ್ತೀವಿ, ತಾರೀಖು ನೋಡ್ತೀವಿ, ಆಮೇಲೆ ಆ ಪದ ನೋಡಿ ‘ಸರಿ, ಹೋಗೋಣ’ ಅಂತೀವಿ. ಈ ಪದ ಎಲ್ಲಿಂದ ಬರುತ್ತೆ? ಒಂದು ಜಾಗದ ‘ಈಸಿ’ ಇನ್ನೊಂದು ಜಾಗದ ‘ಈಸಿ’ಗೆ ಸಮವೇ? ಉತ್ತರ ಮೊದಲೇ ಹೇಳಿಬಿಡ್ತೀವಿ: ಸಮ ಅಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಹಿಮದ ಊರುಗಳು

ಈ ಸಮಸ್ಯೆ ತುಂಬ ಸ್ಪಷ್ಟವಾಗಿ ಕಾಣೋದು ಸ್ಕೀ ರೆಸಾರ್ಟ್‌ಗಳಲ್ಲಿ. ಹಿಮದ ಇಳಿಜಾರಿನಲ್ಲಿ ಜಾರಿಕೊಂಡು ಇಳಿಯುವ ಪ್ರತಿ ದಾರಿಗೂ ಅಲ್ಲಿ ಒಂದು ಬಣ್ಣ ಕೊಡ್ತಾರೆ. ಅಮೆರಿಕದಲ್ಲಿ ಹಸಿರು ವೃತ್ತ ಅಂದ್ರೆ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ಡೈಮಂಡ್ ಕಷ್ಟ. ಆಸ್ಟ್ರಿಯಾ, ಜರ್ಮನಿಗಳಲ್ಲಿ ನೀಲಿಯೇ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಹಾಗಾಗಿ ಆಸ್ಟ್ರಿಯಾದ ನೀಲಿಯಲ್ಲಿ ಕಲಿತವರು ಅಮೆರಿಕದ ನೀಲಿಯನ್ನೂ ಅಷ್ಟೇ ಸುಲಭ ಅಂದುಕೊಂಡರೆ ಕಷ್ಟಕ್ಕೆ ಸಿಕ್ಕಿಹಾಕಿಕೊಳ್ತಾರೆ.

ಬಣ್ಣದ ಅರ್ಥ ಒಂದೇ ಇದ್ದರೂ ತೊಂದರೆ ತಪ್ಪಲ್ಲ. ಅಮೆರಿಕದಲ್ಲಿ ಪ್ರತಿ ರೆಸಾರ್ಟ್ ತನ್ನ ದಾರಿಯನ್ನು ತನ್ನದೇ ಬೇರೆ ದಾರಿಗಳ ಜೊತೆ ಹೋಲಿಸಿ ಬಣ್ಣ ಕೊಡುತ್ತೆ. ಚಿಕ್ಕ ಗುಡ್ಡದ ರೆಸಾರ್ಟಿನಲ್ಲಿ ಎಲ್ಲಕ್ಕಿಂತ ಕಷ್ಟದ ದಾರಿಗೆ ಕಪ್ಪು ಬಣ್ಣ. ಅದೇ ದಾರಿ ದೊಡ್ಡ ಪರ್ವತದ ರೆಸಾರ್ಟಿನಲ್ಲಿ ಇದ್ದಿದ್ದರೆ ನೀಲಿ ಆಗಬಹುದಿತ್ತು.

ಇದನ್ನ ನಮ್ಮ ಏರಿಯಾಗೆ ತಂದು ನೋಡೋಣ. ಬಸವನಗುಡಿಯೇ ಒಂದು ರೆಸಾರ್ಟ್ ಅಂದುಕೊಳ್ಳಿ. ಗಾಂಧಿ ಬಜಾರಿನ ಫುಟ್‌ಪಾತ್ ಹಸಿರು. ಹನುಮಂತನಗರದ ರಾಮಾಂಜನೇಯ ಗುಡ್ಡದ ಮೆಟ್ಟಿಲು ನೀಲಿ. ಲಾಲ್‌ಬಾಗ್ ಬಂಡೆ ಕಪ್ಪು. ಈ ಪಟ್ಟಿಯಲ್ಲಿ ಸುಳ್ಳು ಏನೂ ಇಲ್ಲ, ಮೂರರಲ್ಲಿ ಬಂಡೆಯೇ ಕಷ್ಟ. ಆದರೆ ಈ ‘ಕಪ್ಪು’ ಮಾಡಿದ್ದೀನಿ ಅಂತ ಯಾರಾದರೂ ಸೀದಾ ಕುಮಾರ ಪರ್ವತಕ್ಕೆ ಹೊರಟರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಅಳೆದು ಹೇಳಿದರೆ ಸರಿಹೋಗುತ್ತಾ?

ಇಂಜಿನಿಯರಿಂಗ್ ಓದೋರು ನಾವು, ಹೋಲಿಕೆ ಬೇಡ, ಅಳತೆ ಇಡೋಣ ಅನ್ನಿಸುತ್ತೆ. ಜರ್ಮನಿ, ಆಸ್ಟ್ರಿಯಾದವರು ಇದನ್ನೇ ಮಾಡಿದ್ದಾರೆ. ಸ್ಥೂಲವಾಗಿ ಇಳಿಜಾರು 25% ವರೆಗೆ ನೀಲಿ, 40% ವರೆಗೆ ಕೆಂಪು, ಅದಕ್ಕಿಂತ ಜಾಸ್ತಿ ಇದ್ದರೆ ಕಪ್ಪು. ಇಲ್ಲಿ ಶೇಕಡಾ ಅಂದ್ರೆ ಕೋನದ ಟ್ಯಾನ್ ಬೆಲೆ: 100 ಮೀಟರ್ ಅಡ್ಡ ಹೋದಾಗ ಎಷ್ಟು ಮೀಟರ್ ಎತ್ತರ ಬದಲಾಗುತ್ತೆ ಅನ್ನೋದು. 25% ಅಂದ್ರೆ ಸುಮಾರು 14 ಡಿಗ್ರಿ, 40% ಅಂದ್ರೆ ಸುಮಾರು 22 ಡಿಗ್ರಿ. 100% ಅಂದ್ರೆ ನೆಟ್ಟಗೆ ನಿಂತ ಗೋಡೆ ಅಲ್ಲ, ಬರೀ 45 ಡಿಗ್ರಿ.

ಈ ಅಳತೆಯನ್ನು ಕುಮಾರ ಪರ್ವತಕ್ಕೆ ಹಾಕೋಣ. ಶಿಖರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರೋದು ಸುಮಾರು 120 ಮೀಟರ್ ಎತ್ತರದಲ್ಲಿ. ಒಟ್ಟು ಏರು ಸುಮಾರು 1600 ಮೀಟರ್, ಗಿರಿಗದ್ದೆ ಮೇಲೆ ಹೋಗುವ ದಾರಿ ಸುಮಾರು 13 ಕಿಲೋಮೀಟರ್. ಭಾಗಿಸಿದರೆ ಸರಾಸರಿ ಇಳಿಜಾರು ಬರೀ 12% ಚಿಲ್ಲರೆ! ಸ್ಕೀ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಸುಲಭದ ದಾರಿ. ಕರ್ನಾಟಕದ ಕಷ್ಟದ ಟ್ರೆಕ್‌ಗಳಲ್ಲಿ ಒಂದು ಅಂತ ಹೆಸರಾದ ಬೆಟ್ಟ ಈ ಅಳತೆಯಲ್ಲಿ ಮಕ್ಕಳಾಟ ಆಗಿಬಿಡ್ತು.

ಲೆಕ್ಕ ತಪ್ಪಿಲ್ಲ, ಅಳೆದ ವಸ್ತು ತಪ್ಪು. ಜಾರಿ ಇಳಿಯೋರಿಗೆ ಇಳಿಜಾರು ಮುಖ್ಯ. ನಡೆದು ಹತ್ತೋರಿಗೆ ಒಟ್ಟು ಏರು ಮತ್ತು ಒಟ್ಟು ದೂರ ಮುಖ್ಯ. ಇದಕ್ಕೆ 1892ರಲ್ಲೇ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಒಂದು ಸೂತ್ರ ಕೊಟ್ಟರು. ಈಗಿನ ಅಳತೆಯಲ್ಲಿ ಅದು ಹೀಗೆ: ಪ್ರತಿ 5 ಕಿಲೋಮೀಟರಿಗೆ 1 ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ದೂರದಿಂದ 2.6 ಗಂಟೆ, ಏರಿನಿಂದ ಸುಮಾರು 2.7 ಗಂಟೆ, ಒಟ್ಟು 5 ಗಂಟೆಗೂ ಮೀರಿ. ಇದು ನಿಲ್ಲದೆ, ಊಟ ಮಾಡದೆ, ಒಳ್ಳೆ ಅಭ್ಯಾಸ ಇರೋರಿಗೆ. ಇಳಿಯೋದು ಬಾಕಿ ಇದೆ.

ಹೆಸರು ಒಂದೇ ಇದ್ದರೂ ದಾರಿ ಬದಲಾದರೆ ಕಷ್ಟವೂ ಬದಲಾಗುತ್ತೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೊರಟರೆ ಶುರುವಾಗೋದೇ ಎತ್ತರದಿಂದ, ಏರು ಕಡಿಮೆ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1930 ಮೀಟರ್. ಆದರೆ ರಸ್ತೆ ಶಿಖರದ ಹತ್ತಿರದವರೆಗೂ ಇದೆ, ಕೊನೆಗೆ ಮೆಟ್ಟಿಲು ಹತ್ತಿದರೆ ಮುಗೀತು. ಮಾಗಡಿ ಹತ್ತಿರದ ಸಾವನದುರ್ಗ 1226 ಮೀಟರ್ ಅಷ್ಟೇ, ದೂರವೂ ಕಮ್ಮಿ. ಆದರೆ ಅದು ಒಂದೇ ದೊಡ್ಡ ಬಂಡೆ. ಮಳೆ ಬಿದ್ದ ದಿನ ಕಾಲು ಜಾರಿದರೆ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ. ಹಾಗಾದರೆ ಈ ಮೂರರಲ್ಲಿ ‘ಮಾಡರೇಟ್’ ಯಾವುದು? ದೂರ, ಏರು, ನೆಲ, ಹವಾಮಾನ, ತಪ್ಪಿದರೆ ಆಗುವ ಅಪಾಯ, ಹೀಗೆ ಕಷ್ಟದಲ್ಲಿ ಐದಾರು ಭಾಗ ಇವೆ. ನಮ್ಮ ಮ್ಯಾಥ್ಸ್ ಭಾಷೆಯಲ್ಲಿ ಕಷ್ಟ ಅನ್ನೋದು ವೆಕ್ಟರ್. ಪೋಸ್ಟರ್ ಅದನ್ನ ಸ್ಕೇಲಾರ್ ಮಾಡಿಬಿಡುತ್ತೆ.

ಪದ ಯಾರದು?

ಬಾದಾಮಿಯ ಮರಳುಗಲ್ಲಿನ ಗೋಡೆಗಳಲ್ಲಿ ಕ್ಲೈಂಬಿಂಗ್ ಮಾಡೋರು ಫ್ರೆಂಚ್ ಗ್ರೇಡ್ ಬಳಸ್ತಾರೆ: 6ಎ, 6ಬಿ, 7ಎ ಹೀಗೆ. ಮೊದಲು ಹತ್ತಿದವರು ಒಂದು ಗ್ರೇಡ್ ಸೂಚಿಸ್ತಾರೆ, ಆಮೇಲೆ ಹತ್ತಿದವರು ಒಪ್ತಾರೆ ಅಥವಾ ಬದಲಾಯಿಸ್ತಾರೆ. ಬೇರೆ ದೇಶದಲ್ಲಿ ಹತ್ತಿದವರೂ ಬಂದು ಹೋಲಿಸ್ತಾರೆ. ಪೂರ್ತಿ ನಿಖರ ಅಲ್ಲದಿದ್ದರೂ ಹಲವರ ಕೈ ದಾಟಿ ಬಂದ ಸಂಖ್ಯೆ ಅದು. ಟ್ರೆಕ್ ಪೋಸ್ಟರಿನ ಪದ ಹಾಗಲ್ಲ. ಅದನ್ನ ಬರೆಯೋರೂ ಟಿಕೆಟ್ ಮಾರೋರೂ ಒಬ್ಬರೇ. ‘ಈಸಿ’ ಅಂದ್ರೆ ಸೀಟು ಬೇಗ ತುಂಬುತ್ತೆ.

ಉತ್ತರಾಖಂಡದ ಕೇದಾರಕಂಠವನ್ನು ಹಲವರು ‘ಈಸಿ’ ಅಥವಾ ‘ಈಸಿ ಟು ಮಾಡರೇಟ್’ ಅಂತ ಬರೀತಾರೆ. ಹಿಮಾಲಯದ ಬೇರೆ ಟ್ರೆಕ್‌ಗಳ ಪಕ್ಕ ಇಟ್ಟರೆ ಅದು ನಿಜವೇ. ಆದರೆ ಶಿಖರ ಸುಮಾರು 3800 ಮೀಟರ್. ನಮ್ಮ ಬೆಂಗಳೂರು 920 ಮೀಟರ್ ಆಸುಪಾಸು, ಇಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು 90%. ಅಲ್ಲಿ ಅದು ಸುಮಾರು 62%. ಪ್ರತಿ ಉಸಿರಿಗೂ ಸಿಗೋ ಆಮ್ಲಜನಕ ಅಷ್ಟೇ ಕಡಿಮೆ. ಡಿಸೆಂಬರಿನಲ್ಲಿ ಹಿಮ ಬೇರೆ. ಸ್ಕಂದಗಿರಿಯ ‘ಮಾಡರೇಟ್’ ಮುಗಿಸಿದವರಿಗೆ ಇದು ಒಂದು ಮೆಟ್ಟಿಲು ಕೆಳಗಿದೆ ಅನ್ನಿಸಿದರೆ, ತಪ್ಪು ಅವರದಲ್ಲ, ಎರಡು ಬೇರೆ ಅಳತೆಪಟ್ಟಿಗೆ ಒಂದೇ ಪದ ಬರೆದಿದ್ದರಲ್ಲಿದೆ.

ಇದರಲ್ಲಿ ನಿಜವಾದ ಅಪಾಯ ಇನ್ನೊಂದಿದೆ. ಸುಮಾರು 2500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ತಲೆನೋವು, ವಾಕರಿಕೆ ಶುರುವಾಗಬಹುದು. ಫಿಟ್ ಇದ್ದವರಿಗೂ ಬರುತ್ತೆ. ಆಗ ಮಾಡಬೇಕಾದ್ದು ಬಾಯಿ ಬಿಟ್ಟು ಹೇಳೋದು, ಮೇಲೆ ಹೋಗದೆ ನಿಲ್ಲೋದು, ಹೆಚ್ಚಾದರೆ ಕೆಳಗೆ ಇಳಿಯೋದು. ಆದರೆ ‘ಈಸಿ’ ಅಂತ ಕರ್ಕೊಂಡು ಬಂದ ಹುಡುಗನೋ ಹುಡುಗಿಯೋ ಏನು ಯೋಚನೆ ಮಾಡ್ತಾರೆ? ‘ಎಲ್ಲರಿಗೂ ಈಸಿ, ನನಗೊಬ್ಬಳಿಗೆ ಆಗ್ತಿಲ್ಲ’ ಅಂತ. ನಾಚಿಕೆಗೆ ಸುಮ್ಮನೆ ನಡೀತಾರೆ. ಆ ಪದ ದಾರಿಯನ್ನು ಸುಲಭ ಮಾಡಲ್ಲ, ಕಷ್ಟ ಹೇಳಿಕೊಳ್ಳೋದನ್ನ ಕಷ್ಟ ಮಾಡುತ್ತೆ.

ದುಡ್ಡು ಕಟ್ಟೋ ಮುಂಚೆ ಕೇಳಿ

1. ಹೋಗಿ ಬರೋ ಒಟ್ಟು ದೂರ ಎಷ್ಟು, ಒಂದೇ ದಿನಕ್ಕೆ ಎಷ್ಟು?
2. ಶಿಖರದ ಎತ್ತರ ಅಲ್ಲ, ಶುರುವಿನಿಂದ ಶಿಖರದವರೆಗೆ ಏರು ಎಷ್ಟು?
3. ನೆಲ ಎಂಥದ್ದು? ಮಣ್ಣು, ಬಂಡೆ, ಹಿಮ?
4. ರಾತ್ರಿ ಮಲಗೋ ಜಾಗ ಎಷ್ಟು ಎತ್ತರದಲ್ಲಿದೆ?
5. ಅರ್ಧ ದಾರಿಯಲ್ಲಿ ಒಬ್ಬರಿಗೆ ಆಗಲ್ಲ ಅಂದ್ರೆ ಅವರ ಜೊತೆ ಯಾರು ವಾಪಸ್ ಬರ್ತಾರೆ?

ಮೊದಲ ಎರಡು ಉತ್ತರ ಸಿಕ್ಕಿದರೆ ನೈಸ್ಮಿತ್ ಸೂತ್ರ ಹಾಕಿ, ನೀವು ಈಗಾಗಲೇ ಹತ್ತಿರೋ ಬೆಟ್ಟದ ಜೊತೆ ಹೋಲಿಸಿ. ಐದನೇ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂದ್ರೆ ಪೋಸ್ಟರಿನಲ್ಲಿ ಯಾವ ಪದ ಇದ್ದರೂ ಹೋಗಬೇಡಿ. ಇನ್ನು ನಾವೇ ಜೂನಿಯರ್‌ಗಳನ್ನ ಕರ್ಕೊಂಡು ಹೋಗೋವಾಗ ಪೋಸ್ಟರಿನಲ್ಲಿ ಆ ಪದ ಬಿಟ್ಟು ಈ ಐದು ಉತ್ತರ ಬರೆಯೋಣ. ಈಸಿನೋ ಅಲ್ವೋ ಅಂತ ಅವರವರೇ ಲೆಕ್ಕ ಹಾಕಿಕೊಳ್ಳಲಿ.